ಕಂಠಪಾಠದಿಂದ ಕಾವ್ಯದ ಓದಿಗೆ: ನೆಟ್ ಪರೀಕ್ಷೆಯ ಕನ್ನಡ ಪತ್ರಿಕೆಗೆ ಸಿದ್ಧತೆ

ನಮ್ಮ ಮನೆಗಳಲ್ಲಿ ಮಕ್ಕಳು ಅಕ್ಷರ ಕಲಿಯುವುದಕ್ಕೆ ಮೊದಲೇ ವಚನ ಕಲಿಯುತ್ತಾರೆ. ಇಷ್ಟಲಿಂಗ ಪೂಜೆಯ ಹೊತ್ತಿನಲ್ಲಿ ಹಿರಿಯರ ಬಾಯಿಂದ ಕೇಳಿ, ಶ್ರಾವಣ ಮಾಸದ ಪ್ರವಚನಗಳಲ್ಲಿ ಕೇಳಿ, ಬಸವ ಜಯಂತಿಯ ವಚನಗಾಯನ ಸ್ಪರ್ಧೆಯಲ್ಲಿ ತಾವೂ ಹಾಡಿ, ಹತ್ತು ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಹಲವಾರು ವಚನಗಳನ್ನು ತಡವರಿಸದೆ ಹೇಳಬಲ್ಲವರಾಗಿರುತ್ತಾರೆ. ಇಂಥ ಸಂಸ್ಕಾರದಲ್ಲಿ ಬೆಳೆದ ಮಕ್ಕಳು ಕನ್ನಡ ಸಾಹಿತ್ಯದ ಪರೀಕ್ಷೆಯೊಂದನ್ನು ಬರೆಯ ಹೊರಟರೆ ಅವರಿಗೆ ಅದು ಹೂ ಎತ್ತಿದಷ್ಟು ಹಗುರವಾಗಬೇಕೆಂದು ಹಿರಿಯರು ಭಾವಿಸುವುದು ಸಹಜ. ಆದರೆ ಅನುಭವ ಹಾಗಿಲ್ಲ. ಕಂಠದಲ್ಲಿ ನೆಲೆಸಿದ ಸಂಪತ್ತು ಪರೀಕ್ಷೆಯ ಹೊತ್ತಿಗೆ ಕೈಗೆ ಒದಗದೆ ಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹಾಗೇಕಾಗುತ್ತದೆ, ಅದಕ್ಕೆ ಪರಿಹಾರವೇನು ಎಂಬುದನ್ನು ವಾಚಕರೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಕಾಲೇಜಿನ ಸೇವೆಯಿಂದ ನಿವೃತ್ತನಾದ ಮೇಲೆ, ಕನ್ನಡ ಎಂ.ಎ. ಮುಗಿಸಿ ಸಂಶೋಧನೆಗೆ ಹೋಗಬಯಸುವ ಕೆಲವರು ಸಂಜೆಯ ವೇಳೆ ನಮ್ಮ ಮನೆಗೆ ಬಂದು ಓದುವ ವಾಡಿಕೆ ಬೆಳೆದಿದೆ. ಅವರಲ್ಲಿ ಒಬ್ಬಳು ಒಕ್ಕಲುತನದ ಮನೆಯ ಹೆಣ್ಣುಮಗಳು. ಮೊದಲ ಸಲ ನೆಟ್ ಪರೀಕ್ಷೆ ಬರೆದು ಅನುತ್ತೀರ್ಣಳಾಗಿ ನನ್ನಲ್ಲಿಗೆ ಬಂದಳು. ಮನೆಯಲ್ಲಿ ತಂದೆ ಒಂದೇ ಮಾತು ಹೇಳಿದ್ದರಂತೆ: "ಇನ್ನೊಂದು ಸಲ ಬರೀವಾ. ಆಗಲಿಲ್ಲಂದ್ರ ಗಂಡು ನೋಡೂದು." ಆ ತಂದೆ ಕಟುಕರೇನೂ ಅಲ್ಲ. ಸಾಲ ಮಾಡಿ ಮಗಳನ್ನು ಧಾರವಾಡದಲ್ಲಿ ಓದಿಸಿದವರು. ಆದರೆ ಇನ್ನೂ ಇಬ್ಬರು ಮಕ್ಕಳ ಓದು ಬಾಕಿ ಇರುವ ಮನೆಯಲ್ಲಿ ಮೂರನೆಯ ಅವಕಾಶವೆಂಬುದು ಇರಲಿಲ್ಲ. ಹೀಗಾಗಿ ಆ ಮಗಳಿಗೆ ಮುಂದಿನ ಆರು ತಿಂಗಳು ಬರಿಯ ಓದಿನ ಅವಧಿಯಾಗಿರಲಿಲ್ಲ. ಬದುಕು ಯಾವ ಕಡೆಗೆ ಹೊರಳಬೇಕೆಂಬುದು ಅದರಲ್ಲಿಯೇ ನಿರ್ಣಯವಾಗಬೇಕಾಗಿತ್ತು.

ಪರೀಕ್ಷೆಯ ಸ್ವರೂಪ

ನೆಟ್ ಎಂಬುದು ಹಿಂದೆ ಮುಖ್ಯವಾಗಿ ಕಾಲೇಜು ಅಧ್ಯಾಪಕರಾಗುವ ಅರ್ಹತೆಗಾಗಿ ಮತ್ತು ಸಂಶೋಧನ ವೇತನಕ್ಕಾಗಿ ನಡೆಯುತ್ತಿದ್ದ ಪರೀಕ್ಷೆ. 2024ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಇದರ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸುವ ವ್ಯವಸ್ಥೆಯನ್ನು ತಂದಿತು. ಅಲ್ಲಿಂದ ಮುಂದೆ ಅಭ್ಯರ್ಥಿಗಳು ಮೂರು ವರ್ಗಗಳಲ್ಲಿ ಅರ್ಹರಾಗುತ್ತಾರೆ. ಸಂಶೋಧನ ವೇತನದೊಡನೆ ಅಧ್ಯಾಪನದ ಅರ್ಹತೆಯನ್ನೂ ಪಡೆಯುವವರು ಮೊದಲ ವರ್ಗ. ಅಧ್ಯಾಪನದ ಅರ್ಹತೆ ಹಾಗೂ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರಾಗುವವರು ಎರಡನೆಯದು; ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹರಾಗುವವರು ಮೂರನೆಯದು. ಕೊನೆಯ ಎರಡು ವರ್ಗದವರಿಗೆ ಪ್ರವೇಶದ ವೇಳೆ ಪರೀಕ್ಷೆಯ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ಎಂಬ ಲೆಕ್ಕ ಹಾಕಲಾಯಿತು. ಪ್ರವೇಶದ ಮಟ್ಟಿಗೆ ಆ ಅಂಕಗಳ ಮಾನ್ಯತೆ ಒಂದು ವರ್ಷದ್ದು. ಆದುದರಿಂದ ಕನ್ನಡ ವಿಷಯದ ನೆಟ್ ಈಗ ಸಂಶೋಧನೆಯ ಹೆಬ್ಬಾಗಿಲಾಗಿದೆ. ನಿಯಮಗಳು ಬದಲಾಗುವ ಸಂಭವವಿರುವುದರಿಂದ ಅರ್ಜಿ ಹಾಕುವ ಮುನ್ನ ಆಯಾ ಸಲದ ಪ್ರಕಟಣೆಯನ್ನು ಸ್ವತಃ ಓದಿಕೊಳ್ಳತಕ್ಕದ್ದು.

ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳು. ಮೊದಲನೆಯದರಲ್ಲಿ ಬೋಧನೆ, ಸಂಶೋಧನೆ, ತರ್ಕ, ಅಂಕಿಅಂಶ, ಪರಿಸರ ಮೊದಲಾದ ಸಾಮಾನ್ಯ ವಿಷಯಗಳ ಮೇಲೆ 50 ಪ್ರಶ್ನೆಗಳು; ಎರಡನೆಯದರಲ್ಲಿ ಆರಿಸಿಕೊಂಡ ವಿಷಯದ ಮೇಲೆ 100 ಪ್ರಶ್ನೆಗಳು. ಪ್ರತಿ ಪ್ರಶ್ನೆಗೆ 2 ಅಂಕಗಳಂತೆ ಒಟ್ಟು 300. ಎರಡನ್ನೂ ಸೇರಿಸಿ ಮೂರು ತಾಸು, ನಡುವೆ ಬಿಡುವಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲವಾದುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕನ್ನಡ ಪತ್ರಿಕೆ ಕನ್ನಡದಲ್ಲಿಯೇ ಇರುತ್ತದೆ. ಆದರೆ ಮೊದಲ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಎಡವುವ ಮೊದಲ ಹೊಸ್ತಿಲು ಇದೇ. ದಿನಕ್ಕೊಂದು ತಾಸಾದರೂ ಇದಕ್ಕೆ ಮೀಸಲಿಡದೆ ಗತಿಯಿಲ್ಲ ಎಂದಷ್ಟೇ ಹೇಳಿ, ನಮ್ಮ ಮುಖ್ಯ ವಿಷಯವಾದ ಸಾಹಿತ್ಯಪತ್ರಿಕೆಗೆ ಬರುತ್ತೇನೆ.

ಈ ಪತ್ರಿಕೆಯ ವ್ಯಾಪ್ತಿ ದೊಡ್ಡದು. ಹಳಗನ್ನಡ ಕಾವ್ಯದಿಂದ ದಲಿತ ಬಂಡಾಯದವರೆಗಿನ ಸಾಹಿತ್ಯ ಚರಿತ್ರೆ, ಕಾವ್ಯಮೀಮಾಂಸೆ, ಛಂದಸ್ಸು, ವ್ಯಾಕರಣ, ಭಾಷಾವಿಜ್ಞಾನ, ಜಾನಪದ, ಶಾಸನ, ಗ್ರಂಥಸಂಪಾದನೆ ಇವೆಲ್ಲವೂ ಬರುತ್ತವೆ. ಪ್ರಶ್ನೆಗಳು ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಆರಿಸುವ ರೀತಿಯವು. ಹೊಂದಿಸಿ ಬರೆಯುವುದು, ಕೃತಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವುದು, ಹೇಳಿಕೆ ಮತ್ತು ಸಮರ್ಥನೆಗಳ ಸಂಬಂಧ ಗುರುತಿಸುವುದು, ಕೊಟ್ಟ ಭಾಗವನ್ನು ಓದಿ ಉತ್ತರಿಸುವುದು ಎಂದು ಹಲವು ಬಗೆ. "ಯಾರು ಬರೆದರು" ಎಂಬ ನೇರ ಪ್ರಶ್ನೆಗಿಂತ, ಗೊತ್ತಿರುವ ಎರಡು ಮೂರು ಸಂಗತಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಬಲ್ಲಿರಾ ಎಂಬುದೇ ಇಲ್ಲಿಯ ನಿಜವಾದ ಪರೀಕ್ಷೆ.

ಬಲವೆಂದು ಬಗೆದದ್ದೇ ತೊಡಕಾದಾಗ

ಆ ಹೆಣ್ಣುಮಗಳಿಗೆ ನಾನು ಮೊದಲ ದಿನ ಒಂದು ಮಾದರಿ ಪ್ರಶ್ನೆ ಕೊಟ್ಟೆ. ಚೆನ್ನಮಲ್ಲಿಕಾರ್ಜುನ, ಕಪಿಲಸಿದ್ಧಮಲ್ಲಿಕಾರ್ಜುನ, ನಿಃಕಳಂಕ ಮಲ್ಲಿಕಾರ್ಜುನ, ಅಭಿನವ ಮಲ್ಲಿಕಾರ್ಜುನ ಎಂಬ ನಾಲ್ಕು ಅಂಕಿತಗಳನ್ನು ವಚನಕಾರರ ಹೆಸರುಗಳೊಡನೆ ಹೊಂದಿಸುವುದು. ಅಕ್ಕಮಹಾದೇವಿಯನ್ನು ತಟ್ಟನೆ ಗುರುತಿಸಿದಳು. ಸೊನ್ನಲಿಗೆಯ ಸಿದ್ಧರಾಮನಲ್ಲಿ ಸ್ವಲ್ಪ ತಡೆದಳು. ಮೋಳಿಗೆಯ ಮಾರಯ್ಯ ಮತ್ತು ಡೋಹರ ಕಕ್ಕಯ್ಯ ಅದಲುಬದಲಾದರು. ಅವಳ ಕಣ್ಣಲ್ಲಿ ನೀರು ಬಂತು. "ಇವರ ವಚನ ದಿನಾ ಅಂತೀನ್ರೀ ಸರ, ಆದರೂ ಗೊತ್ತಾಗಲಿಲ್ಲ" ಎಂದಳು.

ಗೊತ್ತಾಗದೆ ಹೋದುದಕ್ಕೆ ಕಾರಣ ಸ್ಪಷ್ಟವಿದೆ. ಪೂಜೆಯಲ್ಲಿ ವಚನ ಹೇಳುವಾಗ ಅಂಕಿತದ ಹತ್ತಿರ ಬಂದೊಡನೆ ನಮ್ಮ ತಲೆ ಬಾಗುತ್ತದೆ, ಮನಸ್ಸು ತುಂಬಿ ಬರುತ್ತದೆ. ಅದು ಭಕ್ತಿಗೆ ತಕ್ಕದ್ದೇ. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಅಂಕಿತವು ಒಂದು ಕೀಲಿಕೈ ಕೂಡ. ಕೂಡಲಸಂಗಮದೇವ ಎಂಬಲ್ಲಿ ಬಸವಣ್ಣನವರ ಕ್ಷೇತ್ರದ ನಂಟು ಕಾಣುತ್ತದೆ. ಅದಕ್ಕೆ "ಚೆನ್ನ" ಸೇರಿದೊಡನೆ ಅದು ಚೆನ್ನಬಸವಣ್ಣನವರದಾಗುತ್ತದೆ. ಆಯ್ದಕ್ಕಿ ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ಅವರ ಪತ್ನಿ ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನ ಹೆಸರನ್ನು ಅಂಕಿತದಲ್ಲಿ ಹೊತ್ತುಕೊಂಡ ಅದೇ ಲಕ್ಕಮ್ಮ, ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವನನ್ನೇ ತಿದ್ದಿದ ಶರಣೆ. ಈ ಎರಡನ್ನೂ ಕೂಡಿಸಿ ಓದಿದರೆ ಅಂಕಿತ ಮರೆಯುವುದಿಲ್ಲ. ಅದರ ಜೊತೆಗೆ ಹನ್ನೆರಡನೆಯ ಶತಮಾನದ ದಾಂಪತ್ಯದ ಒಂದು ಬೆರಗಿನ ಚಿತ್ರವೂ ಮನಸ್ಸಿನಲ್ಲಿ ನಿಲ್ಲುತ್ತದೆ. ಅಂಬಿಗರ ಚೌಡಯ್ಯ ಯಾವ ಕ್ಷೇತ್ರದ ದೈವದ ಹೆಸರನ್ನೂ ತೆಗೆದುಕೊಳ್ಳದೆ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡನು. ಏಕಿರಬಹುದೆಂದು ಒಮ್ಮೆ ಯೋಚಿಸಿದವರು ಆ ವಿಷಯದ ಪ್ರಶ್ನೆಯನ್ನು ತಪ್ಪು ಮಾಡಲಾರರು.

ಅಂಕಿತದ ಹಾಗೆಯೇ ವೃತ್ತಿಯ ಮಾತುಗಳು. ಶರಣರು ತಮ್ಮ ಕಾಯಕದ ಪರಿಕರಗಳನ್ನೇ ರೂಪಕಗಳನ್ನಾಗಿ ಮಾಡಿಕೊಂಡರು. ನೇಯ್ಗೆಯ ಹಾಸು ಹೊಕ್ಕು, ದೋಣಿಯ ಹುಟ್ಟು, ಹೊಲದ ಕುಂಟೆ ಇವುಗಳ ಅರ್ಥವನ್ನು ಪಟ್ಟಣದ ವಿದ್ಯಾರ್ಥಿ ನಿಘಂಟು ತೆಗೆದು ನೋಡಬೇಕಾಗುತ್ತದೆ. ಒಕ್ಕಲುತನದ ಮನೆಯ ಮಗಳಿಗೆ ಅವು ಕಣ್ಣೆದುರಿನ ವಸ್ತುಗಳು. ತನಗೆ ಏನೂ ಬರುವುದಿಲ್ಲವೆಂದು ಕುಗ್ಗಿದ್ದ ಆಕೆಗೆ ಇದನ್ನು ತೋರಿಸಿಕೊಟ್ಟ ದಿನ ಅವಳು ಮೊದಲ ಸಲ ನೆಟ್ಟಗೆ ಕುಳಿತು ಓದಿದಳು.

ಅಜ್ಜಿಯ ಪಾಠ, ಪುಸ್ತಕದ ಪಾಠ

ಎರಡನೆಯ ತಿಂಗಳಲ್ಲಿ ಒಂದು ಪ್ರಸಂಗ ನಡೆಯಿತು. ಅವಳು ಚಿಕ್ಕಂದಿನಿಂದ ಅಜ್ಜಿಯ ಬಾಯಲ್ಲಿ ಕೇಳಿದ್ದ ವಚನವೊಂದು ಪುಸ್ತಕದಲ್ಲಿ ಬೇರೆ ರೀತಿಯಲ್ಲಿತ್ತು. ಎರಡು ಮಾತುಗಳು ಬೇರೆ, ಒಂದು ಸಾಲು ಹಿಂದುಮುಂದು. ಅವಳು ಊರಿಗೆ ಹೋದಾಗ ಅಜ್ಜಿಗೆ ಅದನ್ನು ಓದಿ ಹೇಳಿದಳು. ಮುದುಕಿ ನೊಂದುಕೊಂಡು, "ಪುಸ್ತಕದಾಗ ಇದ್ದದ್ದಷ್ಟ ಖರೇ ಏನವಾ? ನಮ್ಮವ್ವ ನನಗ ಹಿಂಗ ಹೇಳಿಕೊಟ್ಟಾಳ" ಎಂದಳಂತೆ. ಯಾವುದು ಸರಿ ಎಂದು ಕೇಳುತ್ತ ಹುಡುಗಿ ನನ್ನಲ್ಲಿಗೆ ಬಂದಳು.

ಗ್ರಂಥಸಂಪಾದನೆ ಎಂಬ ಶಾಸ್ತ್ರ ಹುಟ್ಟಿದ್ದೇ ಈ ಪ್ರಶ್ನೆಯಿಂದ ಎಂದು ಅವಳಿಗೆ ಹೇಳಿದೆ. ವಚನಗಳು ಬಾಯಿಂದ ಬಾಯಿಗೆ ನಡೆದವು. ತಾಳೆಗರಿಯಿಂದ ತಾಳೆಗರಿಗೆ ಪ್ರತಿಯಾದವು. ಪ್ರತಿ ಹೆಜ್ಜೆಯಲ್ಲಿಯೂ ಪಾಠ ಒಂದಿಷ್ಟು ಬದಲಾಯಿತು. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಆಸುಪಾಸಿನಲ್ಲಿ, ವಚನಗಳನ್ನು ಸಂಗ್ರಹಿಸಿ ಸಂಕಲಿಸುವ ದೊಡ್ಡ ಕಾರ್ಯ ನಡೆಯಿತು. ಶೂನ್ಯಸಂಪಾದನೆಯನ್ನು ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಕಟ್ಟಿದರು. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ತಮ್ಮ ತಮ್ಮ ರೀತಿಯಲ್ಲಿ ಅದನ್ನು ಪರಿಷ್ಕರಿಸಿದರು. ಅದರಲ್ಲಿರುವ ವಚನಗಳು ಹಿಂದಿನವು; ಅವುಗಳನ್ನು ಸಂವಾದದ ರೂಪದಲ್ಲಿ ಹೆಣೆದದ್ದು ನಂತರದವರ ಪ್ರತಿಭೆ. ಈ ವ್ಯತ್ಯಾಸ ತಿಳಿಯದೆ ಕಾಲಾನುಕ್ರಮದ ಪ್ರಶ್ನೆಗಳಲ್ಲಿ ತಪ್ಪುವವರು ಬಹಳ. ವಚನವೆಂದೊಡನೆ ಹನ್ನೆರಡನೆಯ ಶತಮಾನ ಎಂದು ಗೆರೆ ಎಳೆಯುವುದೂ ಸಲ್ಲದು. ಎಡೆಯೂರಿನ ತೋಂಟದ ಸಿದ್ಧಲಿಂಗಯತಿಗಳು ಬಹುಕಾಲದ ನಂತರ ವಚನ ರಚಿಸಿದವರು.

ಅಚ್ಚಿನ ಕಾಲಕ್ಕೆ ಬಂದರೆ ಡಾ. ಫ.ಗು. ಹಳಕಟ್ಟಿಯವರ ಹೆಸರನ್ನು ಮೊದಲು ಸ್ಮರಿಸಬೇಕು. ವಿಜಯಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಅವರು ಊರೂರು ತಿರುಗಿ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ "ವಚನಶಾಸ್ತ್ರಸಾರ"ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ "ಶಿವಾನುಭವ" ಪತ್ರಿಕೆಯನ್ನು ಆರಂಭಿಸಿದರು. ಆ ಪರಂಪರೆಯಲ್ಲಿ ಶಿ.ಶಿ. ಬಸವನಾಳ, ಆರ್.ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದವರು ಪಾಠಗಳನ್ನು ಹೋಲಿಸಿ ಶುದ್ಧಗೊಳಿಸಿದರು. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಪರೀಕ್ಷೆಗೆ ಓದುವವರು ಈ ಸಂಪುಟಗಳ ಪೀಠಿಕೆಗಳನ್ನು ತಪ್ಪದೆ ಓದತಕ್ಕದ್ದು.

ಅಜ್ಜಿಯ ಪಾಠ ಸುಳ್ಳೆಂದು ನಾನು ಹೇಳಲಿಲ್ಲ. ಅದು ಬಾಯ್ದೆರೆಯ ಪರಂಪರೆಯಲ್ಲಿ ಉಳಿದು ಬಂದ ಒಂದು ಪಾಠಾಂತರ. ದಿನಾಂಕ, ಊರು, ಹೇಳಿದವರ ವಯಸ್ಸು ಬರೆದು ಅದನ್ನು ದಾಖಲು ಮಾಡಿಕೋ ಎಂದೆ. ಮುಂದಿನ ವಾರ ಹುಡುಗಿ ಒಂದು ವಹಿಯ ತುಂಬ ಅಜ್ಜಿ ಹೇಳಿದ ವಚನಗಳನ್ನು ಬರೆದು ತಂದಳು. ಅಜ್ಜಿಯ ಸಿಟ್ಟು ಇಳಿದಿತ್ತಂತೆ.

ನಮ್ಮದಲ್ಲವೆಂದು ಬಿಟ್ಟ ಸಾಹಿತ್ಯ

ಈಗ ಒಂದು ಕಟುವಾದ ಮಾತನ್ನು ಹೇಳಬೇಕಾಗಿದೆ. ವಾಚಕರು ಅನ್ಯಥಾ ಭಾವಿಸಬಾರದು. ನಮ್ಮ ಮನೆಗಳ ಮಕ್ಕಳು ಈ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ವಚನಗಳಲ್ಲಿ ಅಲ್ಪವಾದರೆ, ಉಳಿದ ಭಾಗಗಳಲ್ಲಿ ಅತಿಯಾಗಿ. ಪಂಪ, ಪೊನ್ನ, ರನ್ನರು ಜೈನರು. ಪುರಂದರ, ಕನಕರು ದಾಸರು. ಬಂಡಾಯದವರು ಬೇರೆ ಜಾಡಿನವರು ಎಂದು ಮನಸ್ಸಿನಲ್ಲಿಯೇ ಗಡಿ ಹಾಕಿಕೊಂಡು, ಅವುಗಳನ್ನು ಪರೀಕ್ಷೆಯ ಹಿಂದಿನ ವಾರ ಮಾರ್ಗದರ್ಶಿಯಿಂದ ಓದಿದರಾಯಿತೆಂದು ಬಿಡುತ್ತಾರೆ. ಈ ಹೆಣ್ಣುಮಗಳ ಮೊದಲ ಪ್ರಯತ್ನದಲ್ಲಿ ಆದದ್ದೂ ಅದೇ.

ಕನ್ನಡದ ವಿದ್ವತ್ತು ಎಂದೂ ಈ ಗಡಿಗಳನ್ನು ಮನ್ನಿಸಿಲ್ಲ. ಲಿಂಗಾಯತ ಮನೆತನದ ವಿದ್ವಾಂಸರು ಜೈನ ಕಾವ್ಯಗಳನ್ನು ಸಂಪಾದಿಸಿದ್ದಾರೆ. ಕ್ರೈಸ್ತ ಧರ್ಮೋಪದೇಶಕರಾಗಿದ್ದ ಉತ್ತಂಗಿ ಚನ್ನಪ್ಪನವರು ಹಳ್ಳಿ ಹಳ್ಳಿ ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಜರ್ಮನ್ ಪಾದ್ರಿ ಕಿಟ್ಟೆಲ್ ರಚಿಸಿದ ಕನ್ನಡ ನಿಘಂಟು 1894ರಲ್ಲಿ ಬೆಳಕು ಕಂಡಿತು. ಅಂದಹಾಗೆ, ಸರ್ವಜ್ಞನ "ವಚನ"ಗಳೆಂದು ಕರೆಯುವ ರೂಢಿ ಇದ್ದರೂ ಅವು ಛಂದೋರೂಪದಲ್ಲಿ ತ್ರಿಪದಿಗಳು. ಅವಸರದ ವಿದ್ಯಾರ್ಥಿ ಎಡವುವ ಜಾಗಗಳಲ್ಲಿ ಇದೂ ಒಂದು.

ಸಾಹಿತ್ಯ ಚರಿತ್ರೆಯನ್ನು ಕೊಂಡಿ ಕೊಂಡಿಯಾಗಿ ಓದಿದರೆ ವಚನಗಳೇ ಇನ್ನಷ್ಟು ನಿಚ್ಚಳವಾಗುತ್ತವೆ. ಒಂಬತ್ತನೆಯ ಶತಮಾನದ "ಕವಿರಾಜಮಾರ್ಗ", 941ರ ಸುಮಾರಿಗೆ ಪಂಪನು ರಚಿಸಿದ "ವಿಕ್ರಮಾರ್ಜುನ ವಿಜಯ", 993ರ ರನ್ನನ "ಅಜಿತಪುರಾಣ", 1031ರ ದುರ್ಗಸಿಂಹನ "ಪಂಚತಂತ್ರ" ಇವು ಅರಸರ ಆಶ್ರಯದಲ್ಲಿ, ಬಹುಮಟ್ಟಿಗೆ ಪಂಡಿತರ ಚಂಪೂ ಮಾರ್ಗದಲ್ಲಿ ನಡೆದ ಕೃತಿಗಳು. ಇವುಗಳನ್ನು ಅರಿತವನಿಗೆ ಮಾತ್ರ ಮುಂದಿನ ಶತಮಾನದಲ್ಲಿ ಬಸವಾದಿ ಶರಣರು ಆಡುಮಾತಿನ ಗದ್ಯವನ್ನು ಹಿಡಿದದ್ದು ಎಂಥ ದಿಟ್ಟ ಹೆಜ್ಜೆ ಎಂಬುದು ಹೊಳೆಯುತ್ತದೆ. ಅದರ ಬೆನ್ನಿಗೆ ಹರಿಹರ ರಗಳೆಯನ್ನು, ರಾಘವಾಂಕ ಷಟ್ಪದಿಯನ್ನು ಕಥನಕ್ಕೆ ಒಗ್ಗಿಸಿದರು. 1369ರಲ್ಲಿ ಭೀಮಕವಿ, ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಅನುಸರಿಸಿ "ಬಸವಪುರಾಣ"ವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದನು. 1584ರಲ್ಲಿ ವಿರೂಪಾಕ್ಷ ಪಂಡಿತನು "ಚೆನ್ನಬಸವಪುರಾಣ"ವನ್ನು ವಾರ್ಧಕದಲ್ಲಿ ರಚಿಸಿದನು. ಚಾಮರಸನ "ಪ್ರಭುಲಿಂಗಲೀಲೆ"ಯೂ ಕುಮಾರವ್ಯಾಸನ ಭಾರತವೂ ಒಂದೇ ಭಾಮಿನಿಯಲ್ಲಿವೆ. ಒಂದು ಕೃತಿಯನ್ನು ಹಿಡಿದರೆ ಇನ್ನೊಂದು ತಾನಾಗಿ ಜೊತೆಗೆ ಬರುತ್ತದೆ.

ಆಧುನಿಕ ಭಾಗದಲ್ಲಿಯೂ ಇದೇ ಕ್ರಮ. 1926ರಲ್ಲಿ ಪ್ರಕಟವಾದ ಬಿ.ಎಂ.ಶ್ರೀ. ಅವರ "ಇಂಗ್ಲಿಷ್ ಗೀತಗಳು", ಕುವೆಂಪು, ಬೇಂದ್ರೆಯವರ ನವೋದಯ, ಅ.ನ.ಕೃ. ಮುಂದಾಳಾದ ಪ್ರಗತಿಶೀಲ, ಅಡಿಗರ ನವ್ಯ, 1975ರ ಸಿದ್ಧಲಿಂಗಯ್ಯನವರ "ಹೊಲೆಮಾದಿಗರ ಹಾಡು", 1984ರ ದೇವನೂರ ಮಹಾದೇವರ "ಕುಸುಮಬಾಲೆ". ಪ್ರತಿಯೊಂದು ಘಟ್ಟವೂ ಹಿಂದಿನದಕ್ಕೆ ಏನನ್ನು ಒಪ್ಪಿತು, ಏನನ್ನು ನಿರಾಕರಿಸಿತು ಎಂದು ಕೇಳಿಕೊಳ್ಳಬೇಕು. ಸ್ತ್ರೀಯರ ಬರವಣಿಗೆಯನ್ನು ಸಂಚಿ ಹೊನ್ನಮ್ಮನಿಂದ ನಂಜನಗೂಡು ತಿರುಮಲಾಂಬಾ, ತ್ರಿವೇಣಿ, ಗೀತಾ ನಾಗಭೂಷಣರವರೆಗೆ ಒಂದು ಸಾಲಾಗಿ ಓದಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿರುವುದರಿಂದ, ಚರಿತ್ರೆಯು ಪುಸ್ತಕದ ಕೊನೆಯ ಪುಟಕ್ಕೆ ಮುಗಿಯುವುದಿಲ್ಲವೆಂಬುದೂ ನೆನಪಿರಲಿ.

ಹಳಗನ್ನಡದ ಭಯ, ಛಂದಸ್ಸಿನ ಲೆಕ್ಕ

ವಿದ್ಯಾರ್ಥಿಗಳು ಅತ್ಯಂತ ಅಂಜುವುದು ಹಳಗನ್ನಡಕ್ಕೆ. ಈ ಅಂಜಿಕೆಯನ್ನು ದಿನಕ್ಕೊಂದು ಪದ್ಯವೆಂಬ ನಿಯಮದಿಂದ ಕಳೆಯಬಹುದು. ಪದ್ಯವನ್ನು ಗಟ್ಟಿಯಾಗಿ ಓದಿ, ಪದ ಬಿಡಿಸಿ, ಅನ್ವಯ ಮಾಡಿ, ಕೊನೆಗೆ ಗದ್ಯಾನುವಾದ ನೋಡುವುದು. ಮೊದಲೇ ಅನುವಾದ ನೋಡಿದರೆ ಮೂಲ ಎಂದಿಗೂ ಕೈಹತ್ತುವುದಿಲ್ಲ. ಪಕಾರವು ಹಕಾರವಾಯಿತೆಂಬ ಒಂದು ಸೂತ್ರ ತಿಳಿದರೆ ಪಾಲ್ ಹಾಲಾಗುತ್ತದೆ, ಪೊನ್ ಹೊನ್ನಾಗುತ್ತದೆ, ಪುಲಿ ಹುಲಿಯಾಗುತ್ತದೆ. ನೂರಾರು ಶಬ್ದಗಳು ಒಮ್ಮೆಲೇ ಪರಿಚಿತವಾಗುತ್ತವೆ. ಭಾಷಾವಿಜ್ಞಾನದ ಪ್ರಶ್ನೆಗಳಿಗೂ ಇದೇ ತಳಹದಿ. ವ್ಯಾಕರಣಕ್ಕೆ ಹದಿಮೂರನೆಯ ಶತಮಾನದ ಕೇಶಿರಾಜನ "ಶಬ್ದಮಣಿದರ್ಪಣ" ಕೈಯಲ್ಲಿರಬೇಕು.

ಛಂದಸ್ಸು ಮಾತ್ರ ಶುದ್ಧ ಲೆಕ್ಕ. ಲೆಕ್ಕ ಬಂದವರಿಗೆ ಅಂಕ ಖಚಿತ. ಕಂದದ ಒಂದು ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಎರಡು ಮತ್ತು ನಾಲ್ಕನೆಯ ಪಾದಗಳಲ್ಲಿ ಐದು ಗಣ. ಒಟ್ಟು 64 ಮಾತ್ರೆಗಳು. ಷಟ್ಪದಿಗಳಲ್ಲಿ ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ ಎಂದು ಆರು ಬಗೆ. ಭಾಮಿನಿಯ ಸಣ್ಣ ಸಾಲಿನಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂಬ ನಡೆ, 14 ಮಾತ್ರೆಗಳು. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಅದರ ಒಂದೂವರೆ ಪಟ್ಟು ಮತ್ತು ಕೊನೆಗೊಂದು ಗುರು, 23 ಮಾತ್ರೆಗಳು. ವಾರ್ಧಕದಲ್ಲಿ ಐದು ಮಾತ್ರೆಯ ಗಣಗಳು. ಉತ್ಪಲಮಾಲೆ 20 ಅಕ್ಷರ, ಚಂಪಕಮಾಲೆ 21, ಶಾರ್ದೂಲವಿಕ್ರೀಡಿತ 19, ಮತ್ತೇಭವಿಕ್ರೀಡಿತ 20, ಸ್ರಗ್ಧರೆ 21, ಮಹಾಸ್ರಗ್ಧರೆ 22. ಇವುಗಳನ್ನು ಗೋಡೆಗೆ ಅಂಟಿಸಿ ಹೋಗುತ್ತ ಬರುತ್ತ ನೋಡಬಹುದು. ಆದರೆ ಕೈಯಲ್ಲಿ ಲೇಖನಿ ಹಿಡಿದು ಪ್ರಸ್ತಾರ ಹಾಕದೆ ಇವು ನಿಲ್ಲವು.

ಕಾವ್ಯಮೀಮಾಂಸೆಗೆ ತೀ.ನಂ.ಶ್ರೀ. ಅವರ "ಭಾರತೀಯ ಕಾವ್ಯಮೀಮಾಂಸೆ"ಗಿಂತ ಉತ್ತಮ ದಾರಿ ಬೇರಿಲ್ಲ. ಭರತನ ರಸ, ವಾಮನನ ರೀತಿ, ಆನಂದವರ್ಧನನ ಧ್ವನಿ, ಕುಂತಕನ ವಕ್ರೋಕ್ತಿ, ಕ್ಷೇಮೇಂದ್ರನ ಔಚಿತ್ಯ ಇವುಗಳ ವ್ಯಾಖ್ಯೆಗಳನ್ನು ಉರುಹೊಡೆಯುವ ಬದಲು ತಮಗೆ ಗೊತ್ತಿರುವ ವಚನಕ್ಕೆ ಹೊಂದಿಸಿ ನೋಡಬೇಕು. ಅಲ್ಲಮಪ್ರಭುದೇವರ ಬೆಡಗಿನ ವಚನವೊಂದನ್ನು ಎದುರಿಗಿಟ್ಟುಕೊಂಡು, ಹೇಳಿದ ಮಾತೆಷ್ಟು, ಹೇಳದೆ ಹೊಳೆಯಿಸಿದ್ದೆಷ್ಟು ಎಂದು ಕೇಳಿಕೊಂಡವರಿಗೆ ಧ್ವನಿತತ್ತ್ವ ತಾನಾಗಿ ಮನದಟ್ಟಾಗುತ್ತದೆ.

ಆರು ತಿಂಗಳ ಕ್ರಮ

ನಾವು ಅನುಸರಿಸಿದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲ ತಿಂಗಳು ರಂ.ಶ್ರೀ. ಮುಗಳಿಯವರ "ಕನ್ನಡ ಸಾಹಿತ್ಯ ಚರಿತ್ರೆ"ಯನ್ನು ಆದ್ಯಂತ ಓದುವುದು. ಜೊತೆಗೆ ಒಂದು ವಹಿಯಲ್ಲಿ ಕವಿ, ಕೃತಿ, ಕಾಲ, ಛಂದಸ್ಸು, ಆಶ್ರಯ ಎಂದು ಐದು ಅಂಕಣ ಹಾಕಿ ತುಂಬುವುದು. ಎರಡು ಮತ್ತು ಮೂರನೆಯ ತಿಂಗಳು ಮೂಲಕೃತಿಗಳ ಆಯ್ದ ಭಾಗಗಳು. ವಚನ, ಹಳಗನ್ನಡ, ನಡುಗನ್ನಡ ದಿನ ಬಿಟ್ಟು ದಿನ. ನಾಲ್ಕನೆಯ ತಿಂಗಳು ಆಧುನಿಕ ಸಾಹಿತ್ಯ ಮತ್ತು ಜಾನಪದ. ಐದನೆಯ ತಿಂಗಳು ಮೀಮಾಂಸೆ, ವ್ಯಾಕರಣ, ಶಾಸನ, ಗ್ರಂಥಸಂಪಾದನೆ. ಆರನೆಯ ತಿಂಗಳು ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು ಬಿಡಿಸುವುದು. ಪರೀಕ್ಷೆ ಗಣಕಯಂತ್ರದ ಮೇಲೆ ನಡೆಯುವುದಾದರೆ ಪರದೆಯ ಮೇಲೆ ಓದಿ ಉತ್ತರಿಸುವ ಅಭ್ಯಾಸವೂ ಬೇಕು.

ತಪ್ಪಾದ ಪ್ರತಿ ಉತ್ತರವನ್ನೂ ಬೇರೆ ವಹಿಯಲ್ಲಿ ಬರೆದು, ಅದು ತಿಳಿಯದೆ ತಪ್ಪಿತೋ, ಅವಸರದಿಂದ ತಪ್ಪಿತೋ, ತಿಳಿದಿದೆ ಎಂಬ ಭ್ರಮೆಯಿಂದ ತಪ್ಪಿತೋ ಎಂದು ಗುರುತು ಹಾಕಿಸುತ್ತಿದ್ದೆ. ಮೂರನೆಯ ಬಗೆಯವೇ ಹೆಚ್ಚಾಗಿದ್ದವು. ಅವುಗಳಲ್ಲಿ ಬಹುಪಾಲು ವಚನಗಳಿಗೆ ಸಂಬಂಧಿಸಿದವಾಗಿದ್ದವು. ನಮ್ಮದು ಎಂಬ ಸಲುಗೆಯೇ ಅಲ್ಲಿ ಕಣ್ಣಿಗೆ ಪೊರೆಯಾಗಿತ್ತು.

ಮನೆಯವರ ಪಾತ್ರ

ಪಾಲಕರಲ್ಲಿ ನನ್ನ ವಿನಂತಿ ಮೂರು. ಮೊದಲನೆಯದು, ಓದುವ ಹೆಣ್ಣುಮಕ್ಕಳಿಗೆ ದಿನದಲ್ಲಿ ನಾಲ್ಕು ತಾಸು ಯಾರೂ ಕರೆಯದ ಸಮಯ ಕೊಡಿರಿ. ಗಂಡುಮಗ ಪರೀಕ್ಷೆಗೆ ಓದುವಾಗ ಮನೆಯೆಲ್ಲ ಮೌನವಾಗುತ್ತದೆ. ಮಗಳು ಓದುವಾಗ ಮಾತ್ರ ಒಲೆಯ ಮೇಲಿನ ಹಾಲನ್ನೂ ಅವಳೇ ನೋಡಬೇಕಾಗುತ್ತದೆ. ಅನುಭವಮಂಟಪದಲ್ಲಿ ಅಕ್ಕಮಹಾದೇವಿಗೆ ಆಸನವಿತ್ತೆಂದು ಹೆಮ್ಮೆಯಿಂದ ಹೇಳುವ ನಾವು ಮನೆಯ ಮಗಳಿಗೆ ಒಂದು ಮೂಲೆಯನ್ನಾದರೂ ಬಿಟ್ಟುಕೊಡಬೇಡವೆ?

ಎರಡನೆಯದು, ಸಂಜೆ ಅರ್ಧ ತಾಸು ಮನೆಯವರೆಲ್ಲ ಕುಳಿತು ಮಕ್ಕಳಿಂದ ಓದಿಸಿ ಕೇಳಿರಿ. ಒಂದು ದಿನ ವಚನವಾದರೆ ಮರುದಿನ ಪಂಪನಾಗಲಿ, ಕನಕದಾಸರಾಗಲಿ, ಬೇಂದ್ರೆಯಾಗಲಿ. ಓದಿದ್ದನ್ನು ಹಿರಿಯರಿಗೆ ತಿಳಿಯುವಂತೆ ಹೇಳಬಲ್ಲ ಮಗು ಪ್ರವೇಶದ ಸಂದರ್ಶನದಲ್ಲಿಯೂ ತೊದಲುವುದಿಲ್ಲ.

ಮೂರನೆಯದು, ಕನ್ನಡ ಓದಿದರೆ ಏನು ಸಿಕ್ಕೀತು ಎಂಬ ಮಾತನ್ನು ಮಕ್ಕಳೆದುರು ಆಡಬೇಡಿರಿ. ಕೆಲಸಗಳು ಕಡಿಮೆ ಎಂಬುದು ಸುಳ್ಳಲ್ಲ. ಸಂಶೋಧನೆ ದೀರ್ಘವಾದ ದಾರಿ ಎಂಬುದೂ ನಿಜ. ಅದನ್ನು ಲೆಕ್ಕ ಹಾಕಿ, ಕೂತು ಮಾತಾಡಿ ನಿರ್ಣಯಿಸಿರಿ. ಆದರೆ ಹಳಕಟ್ಟಿಯವರಂಥವರು ತಾಳೆಗರಿ ಹುಡುಕುತ್ತ ಅಲೆಯದೆ ಹೋಗಿದ್ದರೆ ನಾವು ಇಂದು ಪೂಜೆಯಲ್ಲಿ ಹೇಳುವ ವಚನಗಳಲ್ಲಿ ಎಷ್ಟು ನಮಗೆ ಉಳಿಯುತ್ತಿದ್ದವು ಎಂಬುದನ್ನೂ ಅದೇ ಲೆಕ್ಕದಲ್ಲಿ ಸೇರಿಸಿಕೊಳ್ಳಿರಿ.

ಆ ಹೆಣ್ಣುಮಗಳು ಎರಡನೆಯ ಸಲ ಬರೆದಳು. ಸಂಶೋಧನ ವೇತನದ ವರ್ಗ ಸಿಗಲಿಲ್ಲ, ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹಳಾದಳು. ಫಲಿತಾಂಶ ಬಂದ ದಿನ ಅದು ಗೆಲುವೋ ಸೋಲೋ ಎಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲವಂತೆ. ತಂದೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅಜ್ಜಿಯೇ ಮಗನನ್ನು ಕರೆದು, "ನನ್ನ ಬಾಯಾಗಿನ ವಚನಾ ಬರಕೊಂಡಾಳ. ಇನ್ನೂ ಅರ್ಧ ಉಳದಾವ. ಅವು ಮುಗಿಯೂ ತನಕ ಗಂಡು ನೋಡೂದು ಬ್ಯಾಡ" ಎಂದಳಂತೆ. ಸಂದರ್ಶನದಲ್ಲಿ ಆ ವಹಿಯ ಬಗ್ಗೆಯೇ ಬಹಳ ಹೊತ್ತು ಮಾತು ನಡೆಯಿತು. ಈಗ ಅವಳು ವಿಶ್ವವಿದ್ಯಾಲಯವೊಂದರಲ್ಲಿ ವಚನಗಳ ಮೌಖಿಕ ಪಾಠಾಂತರಗಳನ್ನು ಕುರಿತು ಅಧ್ಯಯನ ಮಾಡುತ್ತಿದ್ದಾಳೆ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಹೇಳುತ್ತಾಳೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ. ಪೂಜೆಯ ಹೊತ್ತಿನಲ್ಲಿ ಇಬ್ಬರೂ ಕೂಡಿಯೇ ಹಾಡುತ್ತಾರೆ. ಅಜ್ಜಿ ತನ್ನ ಪಾಠದಂತೆ, ಮೊಮ್ಮಗಳು ಅಜ್ಜಿಯ ಪಾಠದಂತೆಯೇ.